ಚಿತ್ತವಿಕಲತೆ: ರೋಗದ ಸ್ವರೂಪ ಮತ್ತು ಲೋಕದ ತಪ್ಪು ತಿಳಿವಳಿಕೆ

೧

ದೊಡ್ಡ ನಗರಗಳಲ್ಲಿ ಹಾಸ್ಯಕ್ಕೆಂದು ಬಳಸುವ ಒಂದೊಂದು ಸ್ಥಳದ ಹೆಸರಿರುವುದುಂಟು. ಮುಂಬಯಿಯವರಿಗೆ ಅದು ಠಾಣೆ, ಪುಣೆಯವರಿಗೆ ಯೆರವಡಾ, ಚೆನ್ನೈಯವರಿಗೆ ಕೀಳ್ಪಾಕ್ಕಂ, ಹೈದರಾಬಾದಿನವರಿಗೆ ಎರ್ರಗಡ್ಡ, ಉತ್ತರ ಹಿಂದುಸ್ತಾನದವರಿಗೆ ಆಗ್ರಾ ಅಥವಾ ರಾಂಚಿ. ಕನ್ನಡನಾಡಿನ ಉತ್ತರಭಾಗದಲ್ಲಿ ಧಾರವಾಡ, ದಕ್ಷಿಣದಲ್ಲಿ ನಿಮ್ಹಾನ್ಸ್. "ಇವನನ್ನು ಅಲ್ಲಿಗೆ ಸೇರಿಸಬೇಕು" ಎಂದು ಗೆಳೆಯರು ನಗುತ್ತ ಆಡುವ ಮಾತಿನಲ್ಲಿ ದ್ವೇಷವೇನೂ ಇರಲಾರದು. ಆದರೆ ಮನೆಯಲ್ಲಿ ತಮ್ಮನೋ ಮಗಳೋ ನಿಜವಾಗಿಯೇ ಈ ರೋಗಕ್ಕೆ ತುತ್ತಾಗಿರುವ ಒಬ್ಬನು ಅದೇ ಗೋಷ್ಠಿಯಲ್ಲಿ ಕುಳಿತಿದ್ದರೆ, ಅವನು ಮನೆಯ ಸಂಕಟವನ್ನು ಯಾರಲ್ಲಿಯೂ ಹೇಳಿಕೊಳ್ಳದೆ ಎದ್ದುಹೋಗುತ್ತಾನೆ. ರೋಗವು ಬಚ್ಚಿಡತಕ್ಕದ್ದು ಎಂಬ ಭಾವನೆ ಹೀಗೆ ಬೇರೂರುತ್ತದೆ. ಬಚ್ಚಿಟ್ಟ ರೋಗಕ್ಕೆ ಮದ್ದು ತಡವಾಗಿ ಸಿಗುತ್ತದೆ, ಇಲ್ಲವೆ ಸಿಗುವುದೇ ಇಲ್ಲ.

ರೋಗವು ತೀರ ಅಪರೂಪವೆಂದು ತಿಳಿಯುವುದಕ್ಕೂ ಆಧಾರವಿಲ್ಲ. ೨೦೧೫-೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ದೇಶದ ೧೨ ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು ೧.೪ರಷ್ಟು ಜನ ತಮ್ಮ ಜೀವಮಾನದಲ್ಲಿ ಒಮ್ಮೆಯಾದರೂ ಇಂತಹ ವಿಕಾರಕ್ಕೆ ಒಳಗಾಗಿದ್ದರು. ಸಮೀಕ್ಷೆಯ ವೇಳೆಗೆ ರೋಗದಿಂದಿದ್ದವರ ಪೈಕಿ ನೂರಕ್ಕೆ ೭೦ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಒದಗಿರಲಿಲ್ಲ. ಆದಕಾರಣ ಈ ರೋಗವೆಂದರೆ ಏನು, ಏನಲ್ಲ ಎಂಬುದನ್ನು ತಿಳಿಯುವುದು ವಿದ್ಯಾವಂತರೆಲ್ಲರ ಕರ್ತವ್ಯವೆನ್ನಬೇಕು.

೨

ಮೊದಲು ಪದಗಳ ವಿಚಾರ. ಬುದ್ಧಿಯ ವಿಕಾರವನ್ನು ಹೇಳುವ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ: ಹುಚ್ಚು, ಮರುಳು, ತಲೆ ಕೆಟ್ಟಿದೆ, ಮತಿಭ್ರಮಣೆ, ಉನ್ಮಾದ. ಆದರೆ ಇವುಗಳಲ್ಲಿ ಒಂದಾದರೂ ರೋಗವೊಂದನ್ನೇ ಖಚಿತವಾಗಿ ಸೂಚಿಸುವುದಿಲ್ಲ. ನಾಟಕದ ಹುಚ್ಚು ಹಿಡಿದವನು ರೋಗಿಯಲ್ಲ. ಹುಚ್ಚುನಾಯಿಯ ರೋಗ ಬೇರೆಯೇ. 'ಮರುಳು' ಪದಕ್ಕೆ ಶರಣಪರಂಪರೆಯಲ್ಲಿ ಗೌರವದ ಅರ್ಥವೂ ಉಂಟೆಂಬುದಕ್ಕೆ ಮರುಳಸಿದ್ಧನೆಂಬ ಹೆಸರೇ ಸಾಕ್ಷಿ. ವೈದ್ಯಶಾಸ್ತ್ರದ 'ಸೈಕೋಸಿಸ್' ಎಂಬ ಪದವನ್ನು ವಿಯೆನ್ನಾದ ವೈದ್ಯ ಫಾಯ್ಖ್ಟರ್ಸ್‌ಲೇಬನ್ ೧೮೪೫ರ ತನ್ನ ಗ್ರಂಥದಲ್ಲಿ ಬಳಸಿದ ತರುವಾಯ ಅದು ಪ್ರಚಾರಕ್ಕೆ ಬಂದಿತು. ಕನ್ನಡದಲ್ಲಿ ಅದಕ್ಕೆ 'ಚಿತ್ತವಿಕಲತೆ' ಎಂಬ ಪದವು ಸಲ್ಲುತ್ತದೆ. ವ್ಯಕ್ತಿಗೆ ವಾಸ್ತವದೊಡನೆ ಇರಬೇಕಾದ ಸಂಬಂಧ ಸಡಿಲವಾಗುವುದು, ಯಾವುದು ತನ್ನ ಮನಸ್ಸಿನದು, ಯಾವುದು ಹೊರಗಿನದು ಎಂಬ ವಿವೇಕ ಕೆಡುವುದು ಇದರ ಲಕ್ಷಣ. ಇದು ಒಂದೇ ರೋಗದ ಹೆಸರಲ್ಲ, ಹಲವು ರೋಗಗಳಲ್ಲಿ ಕಾಣಬಹುದಾದ ಒಂದು ಅವಸ್ಥೆ. ಜ್ವರವು ಹೇಗೆ ಮಲೇರಿಯದಲ್ಲಿಯೂ ಟೈಫಾಯ್ಡಿನಲ್ಲಿಯೂ ಬರುವುದೋ ಹಾಗೆ.

ಈ ಅವಸ್ಥೆಯು ದೀರ್ಘಕಾಲ ಕಾಣುವ ಮುಖ್ಯ ರೋಗವೆಂದರೆ ಸ್ಕಿಜೋಫ್ರೀನಿಯಾ. ಜರ್ಮನಿಯ ಕ್ರೇಪೆಲಿನ್ ೧೮೯೯ರಲ್ಲಿ ಇದನ್ನು ಉನ್ಮಾದ-ಖಿನ್ನತೆಯ ರೋಗದಿಂದ ಬೇರ್ಪಡಿಸಿ ವಿವರಿಸಿದನು. ಸ್ವಿಟ್ಸರ್ಲೆಂಡಿನ ಬ್ಲಾಯ್ಲರ್ ೧೯೦೮ರಲ್ಲಿ ಅದಕ್ಕೆ ಈಗಿನ ಹೆಸರನ್ನಿತ್ತನು. ಗ್ರೀಕಿನಲ್ಲಿ ಆ ಪದಕ್ಕೆ 'ಸೀಳಿದ ಮನಸ್ಸು' ಎಂದು ಅರ್ಥ. ಆಲೋಚನೆ, ಭಾವನೆ, ಇಚ್ಛೆ ಇವುಗಳ ಪರಸ್ಪರ ಹೊಂದಾಣಿಕೆ ತಪ್ಪುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತೇ ಹೊರತು, ಒಬ್ಬನಲ್ಲಿ ಇಬ್ಬರು ವ್ಯಕ್ತಿಗಳಿರುತ್ತಾರೆ ಎಂಬುದಲ್ಲ. ಆದರೂ ಹೆಸರನ್ನು ಕೇಳಿದವರು ಆ ಅರ್ಥವನ್ನೇ ಹಿಡಿದರು. ಕನ್ನಡದಲ್ಲಿ ಇದಕ್ಕೆ ಬಳಸಿರುವ 'ಇಚ್ಚಿತ್ತವಿಕಲತೆ' ಎಂಬ ಪದದಲ್ಲಿಯೂ ಇದೇ ತೊಡಕುಂಟು: ಇಮ್ಮಡಿ, ಇಬ್ಬಗೆಗಳಂತೆ ಇಚ್ಚಿತ್ತವೂ ಎರಡು ಚಿತ್ತಗಳನ್ನೇ ನೆನಪಿಗೆ ತರುತ್ತದೆ. ಜಪಾನಿನವರೂ ಮೊದಲು 'ಮನಸ್ಸು ಸೀಳುವ ರೋಗ' ಎಂಬರ್ಥದ ಹೆಸರನ್ನೇ ಬಳಸುತ್ತಿದ್ದರು. ರೋಗಿಗಳ ಕುಟುಂಬದವರ ಕೋರಿಕೆಯಿಂದ ಅಲ್ಲಿನ ಮನೋವೈದ್ಯರ ಸಂಘವು ೨೦೦೨ರಲ್ಲಿ ಅದನ್ನು ಕೈಬಿಟ್ಟು, 'ಹೊಂದಾಣಿಕೆ ತಪ್ಪಿದ ಸ್ಥಿತಿ' ಎಂಬರ್ಥದ ಹೊಸ ಹೆಸರನ್ನು ತಂದಿತು. ಹಳೆಯ ಹೆಸರಿದ್ದಾಗ ತಮ್ಮ ರೋಗದ ಹೆಸರನ್ನು ವೈದ್ಯರಿಂದ ತಿಳಿದಿದ್ದ ರೋಗಿಗಳು ನೂರಕ್ಕೆ ೪೦ರಷ್ಟೂ ಇರಲಿಲ್ಲ. ಎರಡೇ ವರ್ಷಗಳಲ್ಲಿ ಅವರ ಸಂಖ್ಯೆ ನೂರಕ್ಕೆ ೭೦ರ ಹತ್ತಿರಕ್ಕೆ ಬಂದಿತು. ವೈದ್ಯನ ಬಾಯಿಯನ್ನು ಕಟ್ಟಿದ್ದುದು ಒಂದು ಪದವೆಂಬುದು ಇದರಿಂದ ಸ್ಪಷ್ಟ. ಕನ್ನಡದ ಪರಿಭಾಷೆಯನ್ನು ರಚಿಸುವವರು ಇದನ್ನು ಗಮನಿಸತಕ್ಕದ್ದು.

೩

ಚಿತ್ತವಿಕಲತೆಯ ಪ್ರಧಾನ ಲಕ್ಷಣಗಳು ಮೂರು. ಮೊದಲನೆಯದು ಇಂದ್ರಿಯಭ್ರಮೆ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಕಾಣುವ ದೃಷ್ಟಾಂತವು ವೇದಾಂತದ ಓದುಗರಿಗೆ ಸುಪರಿಚಿತ. ಅಲ್ಲಿ ಹಾವಿಲ್ಲದಿದ್ದರೂ ಹಗ್ಗವಾದರೂ ಇದೆ. ದೀಪ ತಂದರೆ ಭ್ರಾಂತಿ ಕಳೆಯುತ್ತದೆ. ಚಿತ್ತವಿಕಲತೆಯಲ್ಲಾದರೋ ಹಗ್ಗವೂ ಇಲ್ಲದೆ ಹಾವು ಕಾಣುತ್ತದೆ. ಎಷ್ಟು ದೀಪಗಳನ್ನು ತಂದರೂ ಅದು ಹೋಗುವುದಿಲ್ಲ. ಸಾಮಾನ್ಯವಾಗಿ ಇದು ಕಣ್ಣಿಗಿಂತ ಕಿವಿಗೆ ಸಂಬಂಧಿಸಿದ್ದು. ಯಾರೂ ಇಲ್ಲದೆಡೆ ದನಿಗಳು ಕೇಳಿಸುತ್ತವೆ. ಅವು ಹೆಸರು ಹಿಡಿದು ಕರೆಯುತ್ತವೆ, ಹಂಗಿಸುತ್ತವೆ, ಆಜ್ಞೆ ಮಾಡುತ್ತವೆ. ಎರಡನೆಯದು ಮಿಥ್ಯಾನಂಬಿಕೆ: ನೆರೆಯವರು ಅನ್ನದಲ್ಲಿ ವಿಷ ಹಾಕುತ್ತಿದ್ದಾರೆ, ಪೊಲೀಸರು ಬೆನ್ನು ಹತ್ತಿದ್ದಾರೆ, ದೂರದರ್ಶನದ ವಾರ್ತೆಯಲ್ಲಿ ತನ್ನನ್ನೇ ಕುರಿತು ಸಂಕೇತ ಕೊಡುತ್ತಿದ್ದಾರೆ ಎಂಬಂಥವು. ಮೂರನೆಯದು ಆಲೋಚನೆಯ ಎಳೆ ತಪ್ಪುವುದು. ಒಂದು ಮಾತಿಗೂ ಮುಂದಿನ ಮಾತಿಗೂ ಕೊಂಡಿ ಇರುವುದಿಲ್ಲ.

ಇವು ಎದ್ದುಕಾಣುವ ಲಕ್ಷಣಗಳು. ಎದ್ದುಕಾಣದೆ ಹೆಚ್ಚು ನಷ್ಟವನ್ನುಂಟುಮಾಡುವ ಬೇರೆ ಲಕ್ಷಣಗಳೂ ಇವೆ. ಸ್ನಾನ, ಊಟ, ಓದು ಯಾವುದರಲ್ಲಿಯೂ ಉತ್ಸಾಹವಿಲ್ಲದಿರುವುದು, ಮುಖದಲ್ಲಿ ಭಾವ ಮೂಡದಿರುವುದು, ಮಾತು ಕಡಿಮೆಯಾಗುವುದು, ಒಬ್ಬನೇ ಕೋಣೆಯಲ್ಲಿ ಕುಳಿತಿರುವುದು. ಮನೆಯವರು ಇದನ್ನು ಸೋಮಾರಿತನವೆಂದು ಬಯ್ಯುತ್ತಾರೆ. ಆದರೆ ಇಚ್ಛಾಶಕ್ತಿಯೇ ರೋಗಕ್ಕೆ ಸಿಕ್ಕಿರುವಾಗ ಬಯ್ಗುಳದಿಂದ ಅದು ಮರಳಲಾರದು. ರೋಗವು ಬಹುಮಟ್ಟಿಗೆ ಹದಿನೈದರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿ ಮೊದಲಾಗುವುದರಿಂದ, ಪರೀಕ್ಷೆಯಲ್ಲಿ ಹಠಾತ್ತನೆ ಹಿಂದೆ ಬಿದ್ದ ವಿದ್ಯಾರ್ಥಿಯ, ರಾತ್ರಿಯ ನಿದ್ದೆಗೆಟ್ಟು ಗೆಳೆಯರನ್ನು ತೊರೆದ ತರುಣನ ವಿಷಯದಲ್ಲಿ ಎಚ್ಚರ ಅವಶ್ಯ. ಇವೆಲ್ಲವೂ ರೋಗದ ಗುರುತೇ ಎಂದಲ್ಲ. ವಿಚಾರಿಸಿ ನೋಡುವುದಕ್ಕೆ ಸಾಕಾದ ಕಾರಣವೆಂದಷ್ಟೆ.

ರೋಗಿಗೆ ತಾನು ರೋಗಿಯೆಂಬ ಅರಿವು ಅನೇಕವೇಳೆ ಇರುವುದಿಲ್ಲ. ಇದು ಹಠವಲ್ಲ, ರೋಗದ ಅಂಗವೇ ಆಗಿದೆ. ಆದಕಾರಣ ತರ್ಕದಿಂದ ಅವನ ನಂಬಿಕೆಯನ್ನು ಮುರಿಯಹೊರಟವರು ಸೋಲುತ್ತಾರೆ. ಸುಮ್ಮನೆ ಹೌದೆಂದು ತಲೆಯಾಡಿಸಿದವರು ಅದನ್ನು ಬಲಪಡಿಸುತ್ತಾರೆ. "ಆ ದನಿ ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಕೇಳಿಸುತ್ತಿದೆ, ಅದರಿಂದ ನಿನಗೆ ಭಯವಾಗಿದೆ ಎಂಬುದು ನನಗೆ ತಿಳಿಯುತ್ತದೆ" ಎನ್ನುವುದು ಸತ್ಯವೂ ಹೌದು, ಹಿತವೂ ಹೌದು.

೪

ಕಾರಣಗಳ ವಿಚಾರದಲ್ಲಿ ಜನರ ಕಲ್ಪನೆಗಳು ಬಗೆಬಗೆಯಾಗಿವೆ. ದೆವ್ವ, ಮಾಟ, ಗ್ರಹಚಾರ ಎಂಬುದು ಒಂದು. ಪ್ರಾಚೀನ ಶಾಸ್ತ್ರವು ಇದನ್ನೇ ಹೇಳುತ್ತದೆಂದು ವಾದಿಸುವವರುಂಟು. ಆದರೆ ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ನಾಲ್ಕಕ್ಕೆ ದೇಹದ ದೋಷಗಳನ್ನೇ ಕಾರಣವಾಗಿ ಹೇಳಿದೆ. ಐದನೆಯದಾದ ಆಗಂತು ಉನ್ಮಾದದಲ್ಲಿಯೂ ದೇವಗಂಧರ್ವಾದಿಗಳು ತಾವಾಗಿಯೇ ಯಾರನ್ನೂ ಪೀಡಿಸುವುದಿಲ್ಲ, ಮನುಷ್ಯನ ಸ್ವಂತ ಕರ್ಮದೋಷವೇ ಮೂಲವೆಂಬ ಅಭಿಪ್ರಾಯ ಅಲ್ಲಿದೆ. ಹೊಣೆಯನ್ನು ದೆವ್ವದ ಮೇಲಿನಿಂದ ಇಳಿಸಿದ ಆ ಗ್ರಂಥ ಅದನ್ನು ರೋಗಿಯ ತಲೆಯ ಮೇಲೆ ಇರಿಸಿತು. ಇಂದಿನ ವೈದ್ಯಶಾಸ್ತ್ರವು ಅಲ್ಲಿಂದಲೂ ಅದನ್ನು ಇಳಿಸಿದೆ.

ಹಾಗೆಂದು ಮೈದುಂಬುವುದೆಲ್ಲವೂ ರೋಗವೆಂದು ಹೇಳುವುದೂ ತಪ್ಪಾಗುತ್ತದೆ. ತುಳುನಾಡಿನ ಭೂತಕೋಲದಲ್ಲಿ ಪಾತ್ರಿಯ ಆವೇಶಕ್ಕೆ ಕಾಲ, ಸ್ಥಳ, ವಿಧಿಗಳಿವೆ. ಸುತ್ತಲಿನ ಸಮಾಜಕ್ಕೆ ಅದರ ಅರ್ಥ ತಿಳಿದಿದೆ. ಅದು ಮುಗಿದೊಡನೆ ಆತನು ತನ್ನ ನಿತ್ಯದ ಕೆಲಸಕ್ಕೆ ಮರಳುತ್ತಾನೆ. ತೀರಿಕೊಂಡ ತಾಯಿಯ ದನಿ ದುಃಖದ ದಿನಗಳಲ್ಲಿ ಒಮ್ಮೆ ಕೇಳಿಸಿದಂತಾಗುವುದೂ ರೋಗವಲ್ಲ. ಚಿತ್ತವಿಕಲತೆಯು ಕಾಲ ಸ್ಥಳಗಳನ್ನು ಗಣಿಸದು. ಅದು ವ್ಯಕ್ತಿಯನ್ನು ತನ್ನವರಿಂದ ಅಗಲಿಸುತ್ತದೆ, ಕೆಲಸವನ್ನು ಕೆಡಿಸುತ್ತದೆ. ವ್ಯತ್ಯಾಸವನ್ನು ಅರಿಯುವ ಒರೆಗಲ್ಲು ಇದೇ.

ಆನುವಂಶಿಕತೆಯ ಪಾಲು ನಿಜ. ಆದರೆ ಅದು ವಿಧಿಲಿಖಿತವಲ್ಲ. ತಂದೆ ಅಥವಾ ತಾಯಿ ಒಬ್ಬರಿಗೆ ಸ್ಕಿಜೋಫ್ರೀನಿಯಾ ಇದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ ಸುಮಾರು ೧೦. ಎಂದರೆ ನೂರರಲ್ಲಿ ತೊಂಬತ್ತು ಮಕ್ಕಳಿಗೆ ಅದು ಬಾರದು. ಒಂದೇ ಅಂಡದಿಂದ ಜನಿಸಿದ ಅವಳಿಗಳಲ್ಲಿಯೂ ಒಬ್ಬರಿಗೆ ರೋಗವಿದ್ದಾಗ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಕಡಿಮೆ ಸಂದರ್ಭಗಳಲ್ಲಿ. ಗರ್ಭದಲ್ಲಿಯೂ ಹೆರಿಗೆಯಲ್ಲಿಯೂ ಒದಗಿದ ತೊಂದರೆ, ತಾರುಣ್ಯದಲ್ಲಿ ಗಾಂಜಾದ ಅತಿಸೇವನೆ, ಬಾಲ್ಯದ ಹಿಂಸೆ, ಏಕಾಂತವಾಸ ಮೊದಲಾದುವು ಸೇರಿ ಕೆಲಸ ಮಾಡುತ್ತವೆ. ಮೆದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕದ ವ್ಯವಹಾರ ಏರುಪೇರಾಗುವುದು ಕಂಡುಬಂದಿದೆ. ತಾಯಿಯ ಲಾಲನೆಯ ದೋಷದಿಂದ ಈ ರೋಗ ಬರುತ್ತದೆಂದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಪಾಶ್ಚಾತ್ಯ ವಿದ್ವಾಂಸರು ಕೆಲವರು ಹೇಳಿದ್ದ ಮಾತಿಗೆ ಆಧಾರ ದೊರೆಯಲಿಲ್ಲ. ಅದನ್ನು ನಂಬಿ ಎಷ್ಟೋ ತಾಯಂದಿರು ವೃಥಾ ಕೊರಗಿದರು.

ಕೆಲವು ಬಗೆಯ ಚಿತ್ತವಿಕಲತೆಗೆ ದೇಹದ ಬೇರೆ ರೋಗವೇ ಮೂಲ. ಥೈರಾಯ್ಡ್ ಗ್ರಂಥಿಯ ದೋಷ, ಮೆದುಳಿನ ಉರಿಯೂತ, ಮಾದಕವಸ್ತುಗಳು, ವೃದ್ಧಾಪ್ಯದ ಮೆದುಳಿನ ಸವೆತ ಇವುಗಳಿಂದಲೂ ಅದು ಬರಬಹುದು. ಹಳ್ಳಿಯ ಹೆಂಗಸರು 'ಬಾಣಂತಿ ಸನ್ನಿ' ಎನ್ನುವ ಕಾಯಿಲೆಯಲ್ಲಿ ಸೋಂಕಿನ ಜ್ವರದ ಬಡಬಡಿಕೆಯೂ ಸೇರಿದೆ, ಹೆರಿಗೆಯ ನಂತರದ ನಿಜವಾದ ಚಿತ್ತವಿಕಲತೆಯೂ ಸೇರಿದೆ. ಎರಡನೆಯದು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ ಕಾಣುತ್ತದೆ. ತಾಯಿಗೂ ಕೂಸಿಗೂ ಅಪಾಯವಿರುವುದರಿಂದ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಪೂರ್ಣ ಗುಣ ಹೊಂದುತ್ತಾರೆ. ಅಮಾವಾಸ್ಯೆ ಹುಣ್ಣಿಮೆಗಳಿಗೂ ರೋಗದ ಏರಿಳಿತಕ್ಕೂ ಸಂಬಂಧವಿದೆಯೆಂಬುದನ್ನು ಆಸ್ಪತ್ರೆಗಳ ಲೆಕ್ಕಗಳು ಸಮರ್ಥಿಸುವುದಿಲ್ಲ.

೫

ಇನ್ನು ರೋಗಿಯ ವಿಷಯದಲ್ಲಿರುವ ತಪ್ಪು ಕಲ್ಪನೆಗಳು. ಚಿತ್ತವಿಕಲನು ಅಪಾಯಕಾರಿ ಎಂಬುದು ಅವುಗಳಲ್ಲಿ ಮೊದಲನೆಯದು. ಚಿಕಿತ್ಸೆಯಿಲ್ಲದೆ, ಅದರಲ್ಲಿಯೂ ಮದ್ಯ ಮಾದಕಗಳ ಅಭ್ಯಾಸವೂ ಸೇರಿದಾಗ, ಹಿಂಸೆಯ ಸಂಭವ ಸ್ವಲ್ಪ ಹೆಚ್ಚುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಬಹುಸಂಖ್ಯಾತ ರೋಗಿಗಳು ಯಾರಿಗೂ ಕೇಡು ಮಾಡಿದವರಲ್ಲ. ಅವರೇ ಇತರರ ಹೊಡೆತ, ವಂಚನೆ, ಅತ್ಯಾಚಾರಗಳಿಗೆ ಬಲಿಯಾಗುವುದು ಹೆಚ್ಚು. ಅವರಿಂದ ಪರರಿಗೆ ಒದಗುವ ಅಪಾಯಕ್ಕಿಂತ ಆತ್ಮಹತ್ಯೆಯ ರೂಪದಲ್ಲಿ ಅವರಿಗೇ ಇರುವ ಅಪಾಯ ದೊಡ್ಡದು.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬುದು ಎರಡನೆಯದು. ರೋಗವನ್ನು ಮುಚ್ಚಿಟ್ಟು ಮಾಡಿದ ಮದುವೆಯಿಂದ, ಮಾತ್ರೆಯನ್ನು ಗುಟ್ಟಾಗಿ ನಿಲ್ಲಿಸಬೇಕಾಗಿ ಬಂದು ರೋಗ ಮರುಕಳಿಸುತ್ತದೆ. ತರುವಾಯ ತವರಿಗೆ ಅಟ್ಟಲ್ಪಡುವವಳು ಬಹುತೇಕ ಹೆಣ್ಣೇ. ರೋಗವನ್ನು ತಿಳಿಸಿ, ಗುಣ ಕಂಡಮೇಲೆ, ಇಬ್ಬರೂ ಒಪ್ಪಿ ಆಗುವ ಮದುವೆಯ ಮಾತು ಬೇರೆ.

ಮೂರನೆಯದು, ಈ ರೋಗಕ್ಕೆ ಮದ್ದಿಲ್ಲ, ಇರುವ ಮದ್ದು ಚಟ ಹಿಡಿಸುತ್ತದೆ ಎಂಬುದು. ಚಿಕಿತ್ಸೆಯ ಇತಿಹಾಸದಲ್ಲಿ ಭಾರತದ ಹೆಸರೂ ಇದೆ. ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ೧೯೩೧ರಲ್ಲಿಯೇ ಪ್ರಕಟಿಸಿದ್ದರು. ಅದರ ಸತ್ತ್ವವಾದ ರಿಸರ್ಪಿನ್ ೧೯೫೨ರಲ್ಲಿ ಬೇರ್ಪಟ್ಟು ಕೆಲವು ವರ್ಷ ಬಳಕೆಯಲ್ಲಿತ್ತು. ಅದೇ ೧೯೫೨ರಲ್ಲಿ ಪ್ಯಾರಿಸಿನ ವೈದ್ಯರಾದ ಡಿಲೇ ಮತ್ತು ಡೆನಿಕರ್ ಕ್ಲೋರ್‌ಪ್ರೊಮಜೀನ್ ಎಂಬ ಮದ್ದಿನ ಪರಿಣಾಮವನ್ನು ತೋರಿಸಿದರು. ಅಂದಿನಿಂದ ಆಸ್ಪತ್ರೆಯ ಗೋಡೆಗಳೊಳಗೆ ಜೀವಮಾನ ಕಳೆಯಬೇಕಾಗಿದ್ದ ಅನೇಕರಿಗೆ ಮನೆಗೆ ಮರಳುವ ದಾರಿ ತೆರೆಯಿತು. ಈ ಮದ್ದುಗಳು ಚಟ ಹಿಡಿಸತಕ್ಕವಲ್ಲ. ಆದರೆ ಕೈನಡುಕ, ತೂಕದ ಹೆಚ್ಚಳ, ಮಂಪರು ಮುಂತಾದ ಉಪದ್ರವಗಳು ಉಂಟಾಗಬಲ್ಲವು. ಮದ್ದನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನಾಗಲಿ ಮದ್ದನ್ನಾಗಲಿ ಬದಲಾಯಿಸುವರು. ರೋಗದ ಗತಿಯೂ ಒಂದೇ ತೆರನಲ್ಲ. ಕೆಲವರಿಗೆ ಒಮ್ಮೆ ಬಂದು ಹೋಗುತ್ತದೆ, ಕೆಲವರಿಗೆ ಮರುಕಳಿಸುತ್ತದೆ, ಕೆಲವರಲ್ಲಿ ಉಳಿದುಕೊಂಡರೂ ಕೆಲಸ ಮಾಡುವಷ್ಟು ಸ್ವಾಸ್ಥ್ಯ ದೊರೆಯುತ್ತದೆ. ಮೊದಲ ಲಕ್ಷಣಕ್ಕೂ ಮೊದಲ ಚಿಕಿತ್ಸೆಗೂ ನಡುವಣ ಅವಧಿ ಕಡಿಮೆಯಾದಷ್ಟೂ ಫಲ ಉತ್ತಮ.

ಸರಪಳಿಯೇ ಚಿಕಿತ್ಸೆಯೆಂಬ ಭಾವನೆಯ ಪರಿಣಾಮವನ್ನು ತಮಿಳುನಾಡಿನ ಏರ್ವಾಡಿ ತೋರಿಸಿತು. ೨೦೦೧ರ ಆಗಸ್ಟ್ ೬ರಂದು ಅಲ್ಲಿನ ಒಂದು ಆಶ್ರಯಗೃಹಕ್ಕೆ ಬೆಂಕಿ ಬಿದ್ದಾಗ, ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ೨೮ ಮಂದಿ ಪ್ರಾಣ ಕಳೆದುಕೊಂಡರು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಪಳಿ ಬಿಗಿಯುವುದನ್ನು ನಿಷೇಧಿಸಿ, ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕೆಂದು ಸಾರಿದೆ.

ಮನೆಯವರು ಜೊತೆಗಿದ್ದರೆ ಚಿಕಿತ್ಸೆ ಫಲಿಸುತ್ತದೆಂಬುದನ್ನು ಈ ದೇಶವೇ ಕಂಡುಕೊಂಡಿತು. ೧೯೫೦ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ರೋಗಿಗಳೊಡನೆ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಇರಿಸಿಕೊಂಡರು. ಮೈಸೂರು ಸರಕಾರದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ಬೆಳೆಸಿದ ಡಾ. ಎಂ. ವಿ. ಗೋವಿಂದಸ್ವಾಮಿಯವರು, ೧೯೫೪ರಲ್ಲಿ ಅಲ್ಲಿ ಪ್ರಾರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆಸ್ಪತ್ರೆ ಮತ್ತು ಸಂಸ್ಥೆಗಳೆರಡೂ ೧೯೭೪ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಅದರ ವೈದ್ಯರು ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯಕೇಂದ್ರದ ಸಾಮಾನ್ಯ ವೈದ್ಯನೇ ಈ ರೋಗವನ್ನು ಗುರುತಿಸಿ ಮದ್ದು ಕೊಡಬಲ್ಲನೆಂದು ತೋರಿಸಿದರು. ೧೯೯೬ರಲ್ಲಿ ಮೊದಲಾದ ಕೇಂದ್ರ ಸರಕಾರದ ಜಿಲ್ಲಾ ಯೋಜನೆಗೆ ಇದೇ ಮಾದರಿಯಾಯಿತು. ಮಂಗಳೂರಿನಲ್ಲಿ ಜನಿಸಿ, ಬೆಂಗಳೂರಿನಲ್ಲಿ ಮನೋವೈದ್ಯವನ್ನು ಕಲಿತು, ಕೀಳ್ಪಾಕ್ಕಂ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದ ಡಾ. ಶಾರದಾ ಮೆನನ್ ೧೯೮೪ರಲ್ಲಿ ಚೆನ್ನೈಯಲ್ಲಿ ಸ್ಥಾಪಿಸಿದ ಸ್ಕಾರ್ಫ್ ಸಂಸ್ಥೆಯು ಸ್ಕಿಜೋಫ್ರೀನಿಯಾ ರೋಗಿಗಳಿಗಾಗಿಯೇ ದುಡಿಯುತ್ತಿದೆ.

೬

ಹೊರನಾಡಿನಲ್ಲಿ ನೆಲಸಿದವರಿಗೆ ಈ ವಿಷಯದಲ್ಲಿ ವಿಶೇಷ ಸಂಬಂಧವುಂಟು. ನಾರ್ವೆಯಿಂದ ಅಮೆರಿಕದ ಮಿನೆಸೋಟಾಕ್ಕೆ ವಲಸೆ ಹೋದವರಲ್ಲಿ ಸ್ಕಿಜೋಫ್ರೀನಿಯಾದಿಂದ ಆಸ್ಪತ್ರೆ ಸೇರಿದವರು ತಾಯ್ನಾಡಿಗಿಂತ ಸುಮಾರು ಎರಡು ಪಟ್ಟು ಇದ್ದರೆಂದು ಓಡೆಗೋರ್ ೧೯೩೨ರಲ್ಲಿ ತೋರಿಸಿದನು. ರೋಗಕ್ಕೆ ಒಲವುಳ್ಳವರೇ ಊರು ಬಿಡುತ್ತಾರೆಂದು ಅವನು ಊಹಿಸಿದ್ದನು. ಆದರೆ ವಲಸೆ ಹೋದವರ ಮಕ್ಕಳಲ್ಲಿಯೂ ರೋಗ ಹೆಚ್ಚಾಗಿರುವುದನ್ನು ಯುರೋಪಿನ ಈಚಿನ ಅಧ್ಯಯನಗಳು ಕಂಡಿವೆ. ಆ ಮಕ್ಕಳು ಊರು ಬಿಟ್ಟವರಲ್ಲ. ಆದ್ದರಿಂದ ಒಂಟಿತನ, ತಾರತಮ್ಯ, ಸುತ್ತಲಿನವರಲ್ಲಿ ತಾನೊಬ್ಬ ಹೊರಗಿನವನೆಂಬ ಭಾವ ಇವುಗಳಿಗೂ ಪಾಲಿದೆಯೆಂದು ವಿದ್ವಾಂಸರು ತರ್ಕಿಸುತ್ತಾರೆ. ಸಮುದ್ರ ದಾಟಿದವರ ಲೆಕ್ಕವನ್ನು ಉಡುಪಿಯಿಂದಲೋ ವಿಜಾಪುರದಿಂದಲೋ ಮುಂಬಯಿಗೆ ಬಂದವರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಹದಿಹರೆಯದಲ್ಲಿ ಊರು ಬಿಟ್ಟು ಹೋಟೆಲಿನಲ್ಲಿ ದುಡಿದು ಅಲ್ಲಿಯೇ ಮಲಗುವ ಹುಡುಗನು ಮೌನಿಯಾಗುತ್ತ ಹೋದರೆ ಅದನ್ನು ಗಮನಿಸುವ ತಾಯಿ ಅಲ್ಲಿಲ್ಲ ಎಂಬುದಕ್ಕೆ ಲೆಕ್ಕ ಬೇಡ.

ಇದರೊಡನೆ ಭಾಷೆಯ ಪ್ರಶ್ನೆಯೂ ಸೇರಿದೆ. ಅಮೆರಿಕ, ಘಾನಾ ಮತ್ತು ಚೆನ್ನೈಗಳಲ್ಲಿ ತಲಾ ಇಪ್ಪತ್ತು ರೋಗಿಗಳನ್ನು ಮಾತನಾಡಿಸಿದ ಮಾನವಶಾಸ್ತ್ರಜ್ಞೆ ಲೂರ್ಮನ್ ಹಾಗೂ ಸಂಗಡಿಗರು ೨೦೧೫ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಅಮೆರಿಕದವರಿಗೆ ಕೇಳಿಸುತ್ತಿದ್ದ ದನಿಗಳು ಹೆಚ್ಚಾಗಿ ಅಪರಿಚಿತ, ಕ್ರೂರ. ಚೆನ್ನೈಯವರಲ್ಲಿ ಅನೇಕರಿಗೆ ಅವು ಬಂಧುಗಳ ದನಿಗಳು: ಸ್ನಾನ ಮಾಡು, ಮನೆಗೆಲಸ ಮಾಡು ಎಂದು ಗದರುವಂಥವು. ರೋಗ ಒಂದೇ ಆದರೂ ಅದು ಆಡುವುದು ಮನೆಯ ಮಾತನ್ನು. ಮನೋವೈದ್ಯನಿಗೆ ರೋಗವನ್ನು ಅರಿಯುವ ಮುಖ್ಯ ಸಾಧನವೂ ಮಾತೇ. ರಕ್ತಪರೀಕ್ಷೆಯಾಗಲಿ ಚಿತ್ರವಾಗಲಿ ಬೇರೆ ರೋಗಗಳಿಲ್ಲವೆಂದು ತಿಳಿಸಬಲ್ಲವೇ ಹೊರತು ಆಲೋಚನೆಯ ಎಳೆ ಎಲ್ಲಿ ತಪ್ಪಿತೆಂದು ಹೇಳಲಾರವು. ಅರೆಬರೆ ಹಿಂದಿಯಲ್ಲಿ ತಡವರಿಸುವ ಕನ್ನಡಿಗನ ಮಾತು ಭಾಷೆಯ ಬಡತನದಿಂದ ತುಂಡಾಗಿದೆಯೋ ರೋಗದಿಂದಲೋ ಎಂಬುದನ್ನು ಕನ್ನಡವರಿಯದ ವೈದ್ಯನು ಹೇಗೆ ನಿರ್ಧರಿಸಬೇಕು? ಜೊತೆಗೆ ಬಂದ ಅಣ್ಣನು ಅನುವಾದ ಮಾಡುವಾಗ ನಾಚಿಕೆಯಿಂದಲೋ ಪ್ರೀತಿಯಿಂದಲೋ ಅಸಂಬದ್ಧ ಮಾತನ್ನು ಸಂಬದ್ಧಗೊಳಿಸಿಬಿಡುತ್ತಾನೆ; ವೈದ್ಯನಿಗೆ ಬೇಕಾಗಿದ್ದ ಸುಳಿವೇ ಅಲ್ಲಿ ಅಳಿಸಿಹೋಗುತ್ತದೆ. ಅನುವಾದಕನು ಆಡಿದ್ದನ್ನು ಆಡಿದಂತೆಯೇ, ಮುರಿದಿದ್ದರೆ ಮುರಿದಂತೆಯೇ ಹೇಳಬೇಕು.

೨೦೧೭ರ ಕಾಯಿದೆಯು ರೋಗದ ಸ್ವರೂಪ ಮತ್ತು ಚಿಕಿತ್ಸೆಯ ವಿವರಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ಕೊಟ್ಟಿದೆ. ಆದರೆ ಕಾಯಿದೆಯು ಭಾಷೆ ಬಲ್ಲವರನ್ನು ಸೃಷ್ಟಿಸಲಾರದು. ೨೦೨೨ರ ಅಕ್ಟೋಬರ್ ೧೦ರಂದು ಪ್ರಾರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ ೧೪೪೧೬ ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿ ಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು. ಮುಂದಿನ ಕೆಲಸ ಆಯಾ ನಗರದ ಕನ್ನಡಿಗರದು. ಹತ್ತಿರದ ಮಾನಸಿಕ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ವೈದ್ಯರು, ದಾದಿಯರು ಯಾರಿದ್ದಾರೆಂಬ ಪಟ್ಟಿಯೊಂದನ್ನು ಪ್ರತಿಯೊಂದು ಸಂಘವೂ ಇಟ್ಟುಕೊಳ್ಳುವುದು ಕಷ್ಟವಲ್ಲ. ಕರೆದಾಗ ರೋಗಿಯೊಡನೆ ಹೋಗಿ ಕೂಡಬಲ್ಲ, ಕೇಳಿದ ಗುಟ್ಟನ್ನು ಹೊರಗೆಡವದ ನಾಲ್ಕು ಮಂದಿ ಸದಸ್ಯರು ಮುಂದೆ ಬಂದರೆ ಒಂದು ನಗರಕ್ಕೆ ಸಾಕಾದೀತು. ಮನೆಯ ಕಷ್ಟವನ್ನು ಹೇಳಿಕೊಳ್ಳಲು ಬಂದವನ ಎದುರಿಗೆ ಠಾಣೆ, ಯೆರವಡಾಗಳ ಹಾಸ್ಯ ನಿಂತುಹೋದರೆ, ಆ ನಾಲ್ವರಿಗೆ ಕರೆ ಬರುವುದೂ ವರ್ಷಗಟ್ಟಲೆ ತಡವಾಗಲಾರದು.